ಪ್ಲಾಸ್ಮಾದ ಮೇಲಿನ ಕಲೆ

ನವೆಂಬರ್ ೪, ೨೦೧೨, ಭಾನುವಾರ

ಫ್ಯಾಕ್ಟರಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅದು ಹೆಂಡತಿ ಮಹಾದೇವಮ್ಮನ ರಂಗೋಲಿ ಚುಕ್ಕಿಗಳಿಗೆ ಮೀಸಲು. ಈ ವರ್ಷದ್ದರಲ್ಲಿ ಕೊನೆಯ ಎರಡು ತಿಂಗಳು ಖಾಲಿ ಉಳಿದಿವೆ, ನಾನು ಹಿಡಿದುಕೊಂಡೆ. ಹೊಸ ಟಿ.ವಿ.ಯ ಪರೀಕ್ಷೆ ಅಂದಮೇಲೆ ಅದು ಬರವಣಿಗೆಯಲ್ಲಿರಬೇಕು.

ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು, ಹುದ್ದೆ ಬರೆಯುವುದು ಪದ್ಧತಿ. ಕಾಶೀನಾಥ, ಸೀನಿಯರ್ ಬರ್ನರ್, ಸಿಮೆಂಟ್ ಫ್ಯಾಕ್ಟರಿ, ವಾಡಿ. ಕೆಲಸ: ಬೆಂಕಿ ನೋಡುವುದು. ಸುಣ್ಣದ ಕಲ್ಲಿನ ಪುಡಿಯನ್ನು ಬೇಯಿಸುವ, ಮಲಗಿದಲ್ಲೇ ತಿರುಗುವ ಉದ್ದನೆಯ ಕಬ್ಬಿಣದ ಕೊಳವೆಗೆ ಕಿಲ್ನ್ ಅನ್ನುತ್ತಾರೆ. ಅದರ ಬಾಯಿಯ ಕಿಂಡಿಗೆ ನೀಲಿ ಗಾಜು ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಜ್ವಾಲೆಯ ಬಣ್ಣ ನೋಡಿ ಕಲ್ಲಿದ್ದಲು ಏರಿಸಬೇಕೋ ಇಳಿಸಬೇಕೋ ಹೇಳುವವನು ಬರ್ನರ್. ಮೂವತ್ತೊಂದು ವರ್ಷ ಹೇಳಿದ್ದೇನೆ. ಈಗ ಕಂಟ್ರೋಲ್ ರೂಮಿನಲ್ಲಿ ಎಂಟು ಪರದೆಗಳಿವೆ, ಆದರೂ ಮ್ಯಾನೇಜರ್ ಕೊನೆಗೆ ಕೇಳುವುದು ಕಾಶೀನಾಥ ಏನಂತಾನೆ ಎಂದೇ. ಬರುವ ಮಾರ್ಚಿಗೆ ನಿವೃತ್ತಿ. ಕಿಂಡಿಯಿಂದಲೇ ಮನೆಗೆ ಹೋಗಬೇಕೆಂಬುದು ನನ್ನ ಹಟ. ನನಗಿಂತ ಮೊದಲಿದ್ದ ನರಸಪ್ಪ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಕೊನೆಯ ವರ್ಷ ಲಾರಿ ತೂಗುವ ಕಾಟಾದ ಮೇಲೆ ಕೂತ. ಆಮೇಲೆ ಅವನು ಕಿಲ್ನ್ ಕಡೆಗೆ ಮುಖ ಹಾಕಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೇ ಡಬ್ಬಿ ಟಿ.ವಿ.ಯಲ್ಲಿ ಎಲ್ಲರ ಮುಖವೂ ಹಸಿರಾಗಿ ಆರು ತಿಂಗಳಾಯಿತು. ಮುಂಜಾನೆಯ ರೈಲಿಗೆ ಶಹಾಬಾದಿಗೆ ಹೋಗಿ ರಶೀದಾಬೇಗಂ ಅವರ ಅಂಗಡಿಯಲ್ಲಿ ಕೂತೆ. ಗಂಡನ ರೇಡಿಯೋ ರಿಪೇರಿ ಅಂಗಡಿಯನ್ನು ಅವನು ಹೋದಮೇಲೆ ಟಿ.ವಿ. ಅಂಗಡಿ ಮಾಡಿದ ಗಟ್ಟಿ ಹೆಂಗಸು. ಎಲ್‌ಸಿಡಿ ಒಂದು, ಪ್ಲಾಸ್ಮಾ ಒಂದು ಪಕ್ಕಪಕ್ಕ ಇಟ್ಟು ಒಂದೇ ಸಿನಿಮಾ ಹಚ್ಚಿದರು. ಎಲ್‌ಸಿಡಿಯಲ್ಲಿ ಹುಲ್ಲು ಈಗಷ್ಟೇ ಪೇಂಟ್ ಹೊಡೆದಂತಿತ್ತು, ಕತ್ತಲೆ ಮಾತ್ರ ಬೂದಿ ಬಣ್ಣ. ಪ್ಲಾಸ್ಮಾದಲ್ಲಿ ಕತ್ತಲೆ ಕತ್ತಲೆಯಾಗಿಯೇ ಇತ್ತು. ಅದರೊಳಗೆ ಗ್ಯಾಸು ತುಂಬಿದ ಸಣ್ಣ ಸಣ್ಣ ಕೋಣೆಗಳಿದ್ದು ಒಂದೊಂದೂ ತಾನೇ ಬೆಳಗುತ್ತದಂತೆ. ಹಾಗಾದರೆ ಅದು ನಮ್ಮ ಬಳಗದ್ದೇ ಅಂದೆ.

ನಮ್ಮ ಕಾಲೊನಿಯ ಐದು ಮನೆಯವರು ದೊಡ್ಡ ಟಿ.ವಿ. ಕೊಳ್ಳುವ ವಿಚಾರದಲ್ಲಿದ್ದಾರೆ, ಎಲ್ಲರೂ ಕಾಯುತ್ತಿರುವುದು ನನ್ನ ಮಾತಿಗೆ. ಕಲಬುರಗಿಯ ದೊಡ್ಡ ಅಂಗಡಿಗಳು ಗಿರಾಕಿಗಳನ್ನೆಲ್ಲ ಎಳೆದುಕೊಂಡಮೇಲೆ ರಶೀದಾಬೇಗಂಗೆ ಉಳಿದಿರುವುದು ಇಂಥ ವ್ಯಾಪಾರವೇ. ಅವರು ಸುಮ್ಮನೆ ಒಂದು ಮಾತು ಹೇಳಿದರು: "ಒಂದು ತಿಂಗಳ ಮನ್ಯಾಗ ಇಟಗೊಂಡು ನೋಡ್ರಿ, ಭಾಯಿ. ನಿಮ್ಮ ಕಣ್ಣು ಹೂಂ ಅಂದ್ರ ನನ್ನ ಅಂಗಡಿ ಈ ವರ್ಷ ನಡೀತದ."

ಒಪ್ಪಿಕೊಂಡೆ. ನಲವತ್ತೆರಡು ಇಂಚಿನ ಪ್ಲಾಸ್ಮಾ, ಬಹಳ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ನಮ್ಮ ಪಡಸಾಲೆಗೆ ಸರಿ.

ನವೆಂಬರ್ ೬, ಮಂಗಳವಾರ

ಟಿ.ವಿ. ಬಂತು. ಇಬ್ಬರು ಹೊತ್ತು ತಂದರು, ಅಷ್ಟು ಭಾರ. ರಶೀದಾಬೇಗಂ ತಾವೇ ಬಂದು ಜೋಡಿಸಿ, ಒಂದು ಎಚ್ಚರಿಕೆ ಹೇಳಿ ಹೋದರು. ಮೊದಲ ಕೆಲವು ವಾರ ಒಂದೇ ಚಿತ್ರ ಬಹಳ ಹೊತ್ತು ಅಲುಗಾಡದೆ ನಿಲ್ಲಬಾರದು, ನಿಂತರೆ ಅದರ ನೆರಳು ಪರದೆಯ ಮೇಲೆ ಕೂತುಬಿಡುತ್ತದೆ. ಈ ಮಾತನ್ನು ನಾನು ಮಹಾದೇವಮ್ಮನಿಗೆ ಮೂರು ಸಲ ಹೇಳಿದೆ.

ದಿವಾನದಿಂದ ಪರದೆಗೆ ಒಂಬತ್ತು ಅಡಿ. ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ.

ಕಪ್ಪಿನ ಪರೀಕ್ಷೆಯನ್ನು ಲಿಂಗಪೂಜೆಯ ಹೊತ್ತಿಗೆ ಮಾಡಿದೆ. ಇದು ಯಾವ ಕಂಪನಿಯವರಿಗೂ ಹೊಳೆಯುವ ಉಪಾಯವಲ್ಲ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ನೋಡುವಾಗ ಆ ಕಪ್ಪು, ಆ ಕಪ್ಪಿನಲ್ಲಿ ದೀಪದ ಒಂದೇ ಚುಕ್ಕಿ. ಹನ್ನೆರಡನೇ ವಯಸ್ಸಿನಿಂದ ದಿನಾ ನೋಡಿದ ಕಪ್ಪದು. ಪೂಜೆ ಮುಗಿದ ಕೂಡಲೇ ತಲೆ ಎತ್ತಿ ಪರದೆಯ ಮೇಲಿನ ಕತ್ತಲೆ ನೋಡಿದೆ. ಪಾಸು. ಪೂಜೆಯ ನಡುವೆ ಟಿ.ವಿ. ಹಚ್ಚಿದ್ದಕ್ಕೆ ಮಹಾದೇವಮ್ಮ ಮುಖ ಗಂಟಿಕ್ಕಿಕೊಂಡಳು. ಶಿವ ತಿಳಿದುಕೊಳ್ಳುತ್ತಾನೆ.

ನವೆಂಬರ್ ೯, ಶುಕ್ರವಾರ

ಅಡಿಗೆಮನೆಯ ಬಾಗಿಲಲ್ಲಿ ನಿಂತು ಓರೆಯಿಂದ ನೋಡಿದರೂ ಬಣ್ಣ ಬದಲಾಗುವುದಿಲ್ಲ. ಮಹಾದೇವಮ್ಮ ರೊಟ್ಟಿ ಬಡಿಯುತ್ತಲೇ ಧಾರಾವಾಹಿ ನೋಡುತ್ತಾಳೆ. ಮಧ್ಯಾಹ್ನ ಕಿಟಕಿ ತೆರೆದರೆ ಪರದೆ ಕನ್ನಡಿಯಾಗುತ್ತದೆ, ಅದೊಂದು ಕೊರತೆ. ಟಿ.ವಿ.ಯ ಮೈ ಸ್ವಲ್ಪ ಬಿಸಿ. ಬಿಸಿ ನನಗೆ ಹೊಸದಲ್ಲ.

ನವೆಂಬರ್ ೧೩, ಮಂಗಳವಾರ. ದೀಪಾವಳಿ

ಅರ್ಧ ಕಾಲೊನಿ ನಮ್ಮ ಮನೆಯಲ್ಲಿತ್ತು. ಪಕ್ಕದ ಮನೆಯ ಚಂದ್ರಾಮಪ್ಪ, ಪ್ಯಾಕಿಂಗ್ ವಿಭಾಗದವನು, ಕರಜಿಕಾಯಿ ತಿನ್ನುತ್ತ ಹತ್ತು ಸಲ ಕೇಳಿದ, ಹೂಂ ಅನ್ನಲೋ ಬೇಡವೋ ಎಂದು. ತಿಂಗಳು ತುಂಬಲಿ ಅಂದೆ. ಅವಸರದ ತೀರ್ಪು ಕೊಡುವ ಪೈಕಿ ನಾನಲ್ಲ.

ಈ ಸಲದ ಎಣ್ಣೆ ಕಲಬೆರಕೆಯದ್ದು. ಅಂಗಳದಲ್ಲಿ ಹಚ್ಚಿದ ಒಂದೊಂದು ಹಣತೆಯ ಸುತ್ತಲೂ ಹೊಗೆಯ ಬಳೆ ಕಟ್ಟಿತ್ತು. ಎಣ್ಣೆ ತಂದ ಅಂಗಡಿ ಬದಲಿಸಲು ಹೇಳಿದ್ದೇನೆ.

ನವೆಂಬರ್ ೧೮, ಭಾನುವಾರ

ಸಿಕ್ಕಿತು.

ಟೆಸ್ಟ್ ಮ್ಯಾಚ್ ನಡೆದಿತ್ತು. ಹನ್ನೊಂದು ಜನ ಬಿಳಿ ಬಟ್ಟೆ ತೊಟ್ಟು ಬಿಸಿಲಲ್ಲಿ ನಿಂತಿದ್ದರು. ಬಿಳುಪಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು. ಕುರ್ಚಿ ಎಳೆದು, ಎಡಗಣ್ಣು ಮುಚ್ಚಿ, ಕಿಂಡಿಗೆ ಕೂತ ಹಾಗೆ ಕೂತೆ. ಅಂಗಿಗಳೆಲ್ಲ ಹಳೇ ಧೋತರದ ಬಣ್ಣಕ್ಕೆ ತಿರುಗಿದ್ದವು. ಅದೂ ಹೋಗಲಿ, ಪರದೆಯ ನಡುವೆ ಅಂಗೈಯಷ್ಟು ಅಗಲದ ಮಸುಕು ಕಲೆ. ಚೆಂಡು ಅಲ್ಲಿ ಹೊಕ್ಕು ಮಾಯವಾಗಿ ಆಚೆಯಿಂದ ಹೊರಬರುತ್ತಿತ್ತು.

ಕಾರಣ ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಹಾದೇವಮ್ಮ ದಿನಾ ಮುಂಜಾನೆ ಒಂದು ತಾಸು ಪ್ರವಚನ ನೋಡುತ್ತಾಳೆ. ಸ್ವಾಮಿಗಳು ಪರದೆಯ ನಟ್ಟನಡುವೆ ಅಲುಗಾಡದೆ ಕೂತಿರುತ್ತಾರೆ. ಅವರ ತಲೆ ಇರುವ ಜಾಗದಲ್ಲೇ ಕಲೆ. ಮೂರು ಸಲ ಹೇಳಿದ ಮಾತು ಕಿವಿಗೆ ಹೋಗಲಿಲ್ಲವೇ ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು, ಒಪ್ಪಿಕೊಳ್ಳುತ್ತೇನೆ.

ಅವಳು ಕೈ ಒರೆಸಿಕೊಂಡು ಬಂದು ಪರದೆಯನ್ನು ಸುಮಾರು ಹೊತ್ತು ನೋಡಿದಳು. "ನಂಗೇನೂ ಕಾಣವಲ್ದು," ಎಂದು ಹೇಳಿ ಒಳಗೆ ಹೋದಳು. ಕಾಣುವುದಕ್ಕೆ ತಾಲೀಮು ಬೇಕು.

ನವೆಂಬರ್ ೨೦, ಮಂಗಳವಾರ

ಹೊಸದಾಗಿ ಬಂದ ಕಲ್ಲಿದ್ದಲು ಶುದ್ಧ ಮಣ್ಣು. ಎರಡು ತಿಂಗಳಿಂದ ಜ್ವಾಲೆಗೆ ಕಸುವೇ ಇಲ್ಲ. ಇವತ್ತೂ ಮಂಕಾಗಿತ್ತು. ಕಲ್ಲಿದ್ದಲು ಐದು ಪಾಯಿಂಟ್ ಏರಿಸು ಎಂದು ಸೂರ್ಯಕಾಂತನಿಗೆ ಹೇಳಿದೆ. ನಾನು ನೋಡಿ ಹೇಳುವುದು, ಅವನು ಕಂಟ್ರೋಲಿನಲ್ಲಿ ಅಷ್ಟು ಏರಿಸುವುದು. ಎಂಟು ವರ್ಷದ ಜೋಡಿ. ಚಿಂಚೋಳಿ ಕಡೆಯವನು, ಬೆಂಕಿ ನೋಡುವುದನ್ನು ನಾನೇ ಕಲಿಸಿದ್ದೇನೆ. ಅವನು ಹೂಂ ಅಂದ, ಆದರೆ ನನ್ನ ಮುಖ ನೋಡಲಿಲ್ಲ. ತಂಗಿ ಲುಂಬಿನಿಯ ಮದುವೆ ಹತ್ತಿರ ಬಂದಿದೆ, ತಲೆಯಲ್ಲಿ ಅದೇ ಓಡುತ್ತಿರಬೇಕು.

ನೀಲಿ ಗಾಜು ಹಳತಾಗಿದೆ ಅನ್ನಿಸಿ ಸ್ಟೋರಿನಿಂದ ಹೊಸದು ತರಿಸಿದೆ. ಅದೂ ಸರಿಯಿಲ್ಲ. ಮೊದಲಿನ ಗಾಜು ಈಗ ಯಾರೂ ಮಾಡುವುದಿಲ್ಲ.

ನವೆಂಬರ್ ೨೨, ಗುರುವಾರ

ವರ್ಷದ ಮೆಡಿಕಲ್ ಇತ್ತು. ಕಣ್ಣಿನ ಪರೀಕ್ಷೆಗೆ ಗೋಡೆಯ ಮೇಲೆ ತೂಗುಹಾಕಿರುವ ಅಕ್ಷರದ ಹಲಗೆ ನಾನು ಕೆಲಸಕ್ಕೆ ಸೇರಿದಾಗಿನದ್ದು. ಇಷ್ಟು ವರ್ಷದಲ್ಲಿ ಒಂದು ಅಕ್ಷರವನ್ನೂ ಬದಲಿಸಿಲ್ಲ. ಕೆಳಗಿನ ಸಾಲನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಬಲಗಣ್ಣಿಗೆ ಹಾಗೆಯೇ ಹೇಳಿದೆ. ಆ ಕೋಣೆಯ ಬೆಳಕೂ ಸರಿಯಿರಲಿಲ್ಲ. ಪಾಸು. ಮಾರ್ಚಿನವರೆಗೆ ಕಿಂಡಿ ನನ್ನದೇ.

ನವೆಂಬರ್ ೨೫, ಭಾನುವಾರ

ಟಿ.ವಿ.ಯನ್ನು ಗೋಣಿಚೀಲದಲ್ಲಿ ಸುತ್ತಿ, ಚಂದ್ರಾಮಪ್ಪನ ಪರಿಚಯದ ಟೆಂಪೋದಲ್ಲಿ ಶಹಾಬಾದಿಗೆ ಒಯ್ದೆ. ರಶೀದಾಬೇಗಂ ಅದನ್ನು ಹಚ್ಚಿ, ಪರದೆ ಪೂರ್ತಿ ಬೆಳ್ಳಗೆ ಮಾಡಿ, ಮೂಲೆಮೂಲೆ ನೋಡಿದರು. ಕಲೆ ಎಲ್ಲಿದೆ ತೋರಿಸಿರಿ ಅಂದರು. ಬೆರಳಿಟ್ಟು ತೋರಿಸಿದೆ. ಅವರು ಒಮ್ಮೆ ಪರದೆಯನ್ನೂ ಒಮ್ಮೆ ನನ್ನನ್ನೂ ನೋಡಿದರು. ವಾದ ಮಾಡದೆ ಸೀಲು ಒಡೆಯದ ಹೊಸ ಪೆಟ್ಟಿಗೆ ಇಳಿಸಿ ಕೊಟ್ಟರು. ತಪ್ಪಿದ್ದಾಗ ಒಪ್ಪಿಕೊಳ್ಳುವ ವ್ಯಾಪಾರಸ್ಥರು ಕಡಿಮೆ. ಇದನ್ನು ಅವರ ಪರವಾಗಿ ಬರೆದಿಡುತ್ತೇನೆ.

ನವೆಂಬರ್ ೨೭, ಮಂಗಳವಾರ

ಹೊಸದರಲ್ಲೂ ಅದೇ ಕಲೆ, ಅದೇ ಜಾಗ. ಇದರಲ್ಲಿ ಯಾವ ಸ್ವಾಮಿಗಳೂ ಕೂತಿಲ್ಲ. ಅಂದಮೇಲೆ ಮಹಾದೇವಮ್ಮನ ತಪ್ಪಿರಲಿಲ್ಲ, ಮಾಲೇ ಕೆಟ್ಟದ್ದು. ಅವಳಿಗೆ ಹಾಗೆ ಹೇಳಿದೆ. ಅವಳು ತಲೆಯಾಡಿಸಿದಳಷ್ಟೆ. ಅವಳು ಟಿ.ವಿ. ಮುಂದೆ ಕೂತು ವಾರವಾಯಿತು ಎಂದು ಈಗ ನೆನಪಾಗುತ್ತಿದೆ. ಪ್ರವಚನಕ್ಕೆ ಚಂದ್ರಾಮಪ್ಪನ ಮನೆಗೆ ಹೋಗುತ್ತಾಳೆ.

ಸಂಜೆ ಚಂದ್ರಾಮಪ್ಪನಿಗೆ ತೀರ್ಪು ಕೊಟ್ಟುಬಿಟ್ಟೆ: ಬೇಡ. ಒಂದೇ ತಾಸಿನಲ್ಲಿ ಐದೂ ಮನೆಗೆ ಸುದ್ದಿ ಮುಟ್ಟಿತು. ಒಬ್ಬರೂ ಮರುಮಾತಾಡಲಿಲ್ಲ. ಕಾಶೀನಾಥ ನೋಡಿದ್ದಾನೆ ಅಂದಮೇಲೆ ಮುಗಿಯಿತು. ಮನಸ್ಸಿಗೆ ಸಮಾಧಾನವಾಯಿತು, ರಶೀದಾಬೇಗಂ ನೆನಪಾಗಿ ಸ್ವಲ್ಪ ಕೆಟ್ಟದ್ದೂ ಅನ್ನಿಸಿತು. ಆದರೆ ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಅನ್ನಲಾಗುವುದಿಲ್ಲ.

ಡಿಸೆಂಬರ್ ೩, ಸೋಮವಾರ

ಪಾಳಿಯಿಂದ ಬಂದವನು ಊಟಕ್ಕೂ ಕೂರದೆ ಬರೆಯುತ್ತಿದ್ದೇನೆ.

ಕಿಲ್ನ್ ಮೈಮೇಲೆ ಕೆಂಪು ಬಂತು. ಒಳಗಿನ ಶಾಖ ಮಿತಿಮೀರಿ ಇಟ್ಟಿಗೆಯ ಪದರ ಕಳಚಿದರೆ ಹೊರಗಿನ ಕಬ್ಬಿಣ ನಿಗಿನಿಗಿ ಆಗುತ್ತದೆ. ಬರ್ನರ್ ಆದವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಪಾಳಿಯಲ್ಲಿ ಒಮ್ಮೆಯೂ ಆಗಿರಲಿಲ್ಲ. ಕೊಡದ ಬಾಯಿಯಷ್ಟು ಅಗಲದ ಕೆಂಪು, ಹಾಡಹಗಲಲ್ಲಿ ಎಲ್ಲರಿಗೂ ಕಾಣುವ ಹಾಗೆ. ಕಿಲ್ನ್ ನಿಲ್ಲಿಸಿದರು. ಯಾರಿಗೂ ಪೆಟ್ಟಾಗಿಲ್ಲ.

ಮೂರು ದಿನದಿಂದ ಸೂರ್ಯಕಾಂತ ಮದುವೆಗೆ ರಜೆಯಲ್ಲಿದ್ದ. ಕಂಟ್ರೋಲಿಗೆ ಕೂತಿದ್ದ ಬದಲಿಯವನು ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಷಾರಿನ ಮನುಷ್ಯ. ಜ್ವಾಲೆ ಮಂಕಾಗಿತ್ತು, ಏರಿಸು ಅಂದೆ, ಏರಿಸಿದ. ಮ್ಯಾನೇಜರ್ ಇಟ್ಟಿಗೆಯೇ ಸರಿಯಿಲ್ಲ ಅಂದರು. ಹೌದು, ಇಟ್ಟಿಗೆ ಸರಿಯಿಲ್ಲ.

ಡಿಸೆಂಬರ್ ೫, ಬುಧವಾರ

ಇಟ್ಟಿಗೆ ಸರಿಯಿಲ್ಲ, ಗಾಜು ಸರಿಯಿಲ್ಲ, ಕಲ್ಲಿದ್ದಲು ಸರಿಯಿಲ್ಲ, ಎಣ್ಣೆ ಸರಿಯಿಲ್ಲ, ಟಿ.ವಿ. ಸರಿಯಿಲ್ಲ. ಹಿಂದಿನ ಪುಟಗಳನ್ನು ಓದಿದೆ. ಓದಿ ಮುಚ್ಚಿಟ್ಟೆ.

ಡಿಸೆಂಬರ್ ೯, ಭಾನುವಾರ

ಕಿಲ್ನ್ ಇನ್ನೂ ನಿಂತಿದೆ, ಮನೆಯಲ್ಲೇ ಇದ್ದೇನೆ. ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಮಧ್ಯಾಹ್ನ ಊಟ ಮಾಡಿ ದಿವಾನದ ಮೇಲೆ ಒರಗಿ, ಏನೂ ಮಾಡಲು ತೋಚದೆ ಮ್ಯಾಚ್ ನೋಡುತ್ತಿದ್ದೆ. ಎಲ್ಲೋ ಒಂದು ಒಳ್ಳೆಯ ಹೊಡೆತಕ್ಕೆ ಭಲೇ ಅಂದೆನಂತೆ. ಮಹಾದೇವಮ್ಮ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಬಾಗಿಲ ಬಳಿ ಆರಿಸುತ್ತಿದ್ದಳು. ಅಂಗಿ ಯಾವ ಬಣ್ಣ ಇದೆ ಎಂದು ಕೇಳಿದಳು. ಬಿಳಿ ಅಂದೆ. ಹೇಳಿದಮೇಲೆ ನನಗೇ ಸೋಜಿಗವಾಯಿತು. ಎದ್ದು ಕುರ್ಚಿ ಎಳೆದುಕೊಂಡು ಸರಿಯಾಗಿ ಪರೀಕ್ಷೆಗೆ ಕೂತೆ. ಮತ್ತೆ ಹಳದಿ, ಮತ್ತೆ ಕಲೆ.

ಆಗ ಅವಳು ಮೊರ ಕೆಳಗಿಟ್ಟು ಹೇಳಿದಳು: "ನಾ ಹದಿನೈದ ದಿನದಿಂದ ನೋಡ್ಲಿಕತ್ತೀನ್ರಿ. ನೀವ ಸುಮ್ನ ನೋಡೋ ಮುಂದ ಟಿ.ವಿ. ಚೊಲೊ ಇರ್ತದ. ಪರೀಕ್ಷಾ ಮಾಡೋ ಮುಂದ ಅಷ್ಟ ಕೆಡ್ತದ."

ನಾನು ಬಾಯಿ ತೆರೆಯುವುದರೊಳಗೆ ನನ್ನ ಹಿಂದೆ ಬಂದು ನಿಂತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಕೈಗೆ ಬೇಳೆಯ ಧೂಳಿನ ವಾಸನೆಯಿತ್ತು. "ಈಗ ಎಡಗಣ್ಣ ತಗೀರಿ," ಅಂದಳು.

ತೆರೆದೆ. ಬಿಳುಪು ಬಿಳುಪಾಗಿತ್ತು. ಹನ್ನೊಂದು ಜನರ ಅಂಗಿಯೂ ಈಗಷ್ಟೇ ಒಗೆದು ಒಣಹಾಕಿದಂತೆ. ಚೆಂಡು ಎಲ್ಲಿಯೂ ಮಾಯವಾಗಲಿಲ್ಲ. ಅವಳು ಕೈಯನ್ನು ಎಡಗಣ್ಣಿಗೆ ಸರಿಸಿದಳು, ಕಲೆ ಬಂತು. ನಾನು ತಲೆ ತಿರುಗಿಸಿ ಸುಣ್ಣ ಹಚ್ಚಿದ ಗೋಡೆ ನೋಡಿದೆ. ಕಲೆ ಗೋಡೆಗೆ ಬಂತು. ಅವಳತ್ತ ತಿರುಗಿದೆ; ಅವಳ ಮುಖದ ಮೇಲೂ ಬಂತು. ಹಣೆಯ ವಿಭೂತಿ ಹಳದಿಯಾಗಿತ್ತು.

ಕೆಟ್ಟದ್ದು ಮೂವತ್ತೊಂದು ವರ್ಷ ನನಗೆ ಅನ್ನ ಹಾಕಿದ ಕಣ್ಣು. ತಡೆಯಲಾಗದೆ ಅತ್ತೆ. ಅಳುವಾಗ ಎರಡೂ ಕಣ್ಣು ಒಂದೇ ಥರ ಅಳುತ್ತವೆ. ಪ್ರವಚನದ ವಿಷಯಕ್ಕೆ ನಿನ್ನನ್ನು ಅಂದದ್ದು ತಪ್ಪಾಯಿತು ಅಂದೆ. ಅದನ್ನು ಎಂದೋ ಮರೆತೆ ಅಂದಳು. ಮರೆತಿರಲಿಲ್ಲ, ಆದರೆ ಮರಳಿ ಮೊರ ಕೈಗೆ ತಗೊಂಡಳು.

ಡಿಸೆಂಬರ್ ೧೦, ಸೋಮವಾರ

ಇಟ್ಟಿಗೆ ಕೂರಿಸುವುದು ಮುಗಿದು ಕಿಲ್ನ್ ಮತ್ತೆ ಹಚ್ಚಿದರು. ಸೂರ್ಯಕಾಂತ ಮದುವೆಯ ಉಂಡೆ ತಂದಿದ್ದ. ಅವನನ್ನು ಕಿಂಡಿಯ ಹತ್ತಿರ ಕರೆದು, ನಾನು ಐದು ಏರಿಸು ಅಂದರೆ ನೀನು ಎಷ್ಟು ಏರಿಸುತ್ತಿದ್ದೆ, ಖರೆ ಹೇಳು ಎಂದೆ.

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಒಂದೊಂದು ದಿನ ಎರಡ, ಒಂದೊಂದು ದಿನ ಒಂದೂ ಇಲ್ರಿ, ಕಾಕಾ. ಎರಡ ತಿಂಗಳಾತು. ಬೆಂಕಿ ನೋಡೋದು ಕಲಿಸಿದವ್ರು ನೀವ. ನಿಮಗ ನಾ ಹ್ಯಾಂಗ ಹೇಳ್ಲಿ?"

ಮೊದಲು ಸಿಟ್ಟು ಬಂತು. ನನ್ನ ಮಾತನ್ನು ನನ್ನ ಬೆನ್ನ ಹಿಂದೆ ತಿದ್ದಿದನಲ್ಲ ಎಂದು ಮೈ ಉರಿಯಿತು. ಆಮೇಲೆ ಲೆಕ್ಕ ಹಾಕಿದೆ: ಎರಡು ತಿಂಗಳು ಕಿಲ್ನ್ ಉಳಿದದ್ದು ಅವನ ಕಣ್ಣಿನಿಂದ, ಮೂರು ದಿನದಲ್ಲಿ ಹಾಳಾದದ್ದು ನನ್ನ ಕಣ್ಣಿನಿಂದ. ಜ್ವಾಲೆ ಮಂಕಾಗಿರಲೇ ಇಲ್ಲ. ಉಂಡೆ ತಿಂದೆ. ಚೆನ್ನಾಗಿತ್ತು.

ಡಿಸೆಂಬರ್ ೧೧, ಮಂಗಳವಾರ

ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿದೆ. ಇಟ್ಟಿಗೆಯ ತಪ್ಪಲ್ಲ ಸಾಹೇಬರೇ, ನನ್ನದು ಎಂದೆ. ಅಕ್ಷರದ ಹಲಗೆಯ ವಿಷಯವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮೂರು ತಿಂಗಳ ಮಾತು, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ ಅಂದರು. ನನಗೆ ಗೊತ್ತಾಗಿದೆ ಅಂದೆ.

ಡಿಸೆಂಬರ್ ೧೪, ಶುಕ್ರವಾರ

ಕಲಬುರಗಿಯಲ್ಲಿ ಕಣ್ಣಿನ ಡಾಕ್ಟರು ನೋಡಿದರು. ಪೊರೆ. ಬಹಳ ವರ್ಷ ಬೆಂಕಿಯ ಮುಂದೆ ಇರುವವರಿಗೆ, ಗಾಜು ಊದುವವರಿಗೆ, ಲೋಹ ಕರಗಿಸುವವರಿಗೆ ಬರುವ ಜಾತಿಯದ್ದಂತೆ. ಬೆಳಕು ಹೆಚ್ಚಿದ್ದಲ್ಲಿ ಹೆಚ್ಚು ಕಾಡುತ್ತದೆ. ದೀಪದ ಸುತ್ತ ಬಳೆ ಕಾಣುತ್ತದೆಯೇ ಎಂದು ಕೇಳಿದರು. ಎಣ್ಣೆಯಂಗಡಿಯವನ ನೆನಪಾಗಿ ನಾಚಿಕೆಯಾಯಿತು. ಜನವರಿಯಲ್ಲಿ ಆಪರೇಷನ್. ಬಣ್ಣ ಮತ್ತೆ ಚೆನ್ನಾಗಿ ಕಾಣುತ್ತದೆ, ಆದರೆ ಬೆಂಕಿಯ ಮುಂದೆ ಇನ್ನು ನಿಲ್ಲಬೇಡಿರಿ ಅಂದರು. ಎಡಗಣ್ಣು ಹೇಗಿದೆ ಎಂದು ಕೇಳಿದೆ. ನಿಮ್ಮ ವಯಸ್ಸಿಗೆ ಮಸ್ತ್ ಇದೆ ಅಂದರು.

ಡಿಸೆಂಬರ್ ೧೬, ಭಾನುವಾರ

ಚಂದ್ರಾಮಪ್ಪನನ್ನೂ ಮಹಾದೇವಮ್ಮನನ್ನೂ ಕರೆದುಕೊಂಡು ಶಹಾಬಾದಿಗೆ ಹೋದೆ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಒಂದು ಕ್ಷಣ ಕಾದೆ. ಬೇಡ ಎಂದದ್ದು ಕಾಲೊನಿಗೆಲ್ಲ ಕೇಳುವ ಹಾಗೆ, ಈಗ ಪಿಸುಮಾತೇಕೆ ಅನ್ನಿಸಿತು. ನಿಂತಲ್ಲಿಂದಲೇ ಹೇಳಿದೆ: "ಟಿ.ವಿ.ದಾಗ ಏನೂ ಐಬಿಲ್ರಿ, ಬೇಗಂಸಾಬ. ಐಬು ನನ್ನ ಬಲಗಣ್ಣಾಗ ಅದ. ನಾ ಹೇಳಿದ್ದು ತಪ್ಪು."

ಚಂದ್ರಾಮಪ್ಪ ನೆಲ ನೋಡಿದ. ರಶೀದಾಬೇಗಂ ಒಳಗೆ ಹೋಗಿ ಸ್ಟೂಲು ತಂದು ಹಾಕಿದರು, ಚಹಾ ತರಿಸಿದರು. ಆಮೇಲೆ ನನ್ನನ್ನು ಬಿಟ್ಟು ಮಹಾದೇವಮ್ಮನ ಕಡೆಗೆ ತಿರುಗಿದರು. "ಭಾಭಿ, ನೀವ ಹೇಳ್ರಿ. ಟಿ.ವಿ. ಹ್ಯಾಂಗದ?"

ಈ ಪ್ರಶ್ನೆಯನ್ನು ತಿಂಗಳೊಪ್ಪತ್ತಿನಲ್ಲಿ ನಾನು ಅವಳಿಗೆ ಒಮ್ಮೆಯೂ ಕೇಳಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ನಿಧಾನಕ್ಕೆ ಹೇಳಿದಳು. ಮಂದಿಯ ಮುಖ ಮುಖದ ಬಣ್ಣದಲ್ಲೇ ಕಾಣುತ್ತದೆ. ರೊಟ್ಟಿ ಬಡಿಯುವಲ್ಲಿಂದಲೂ ಕಾಣುತ್ತದೆ. ಓಡುವವರು ಓಡಿದರೂ ಚದುರುವುದಿಲ್ಲ. ಮಧ್ಯಾಹ್ನ ಕಿಟಕಿಗೆ ಪರದೆ ಬೇಕೇಬೇಕು. ಬೇಸಿಗೆಯಲ್ಲಿ ಪಡಸಾಲೆ ಕಾದೀತು, ಅದನ್ನು ನೋಡಬೇಕು. ನಾನು ಒಂದು ತಿಂಗಳು ಬರೆದ ಡೈರಿಗಿಂತ ಅದು ಚೊಕ್ಕಟವಾದ ವರದಿ. ಚಂದ್ರಾಮಪ್ಪ ಅಲ್ಲೇ ತನಗೂ ಒಂದು ಟಿ.ವಿ. ಕೊಡಲು ಹೇಳಿದ. ಉಳಿದ ನಾಲ್ಕು ಮನೆಯವರಲ್ಲಿ ಮೂವರು ಬರುವ ವಾರ ಬರುತ್ತಾರೆ.

ರೈಲಿನಲ್ಲಿ ಬರುವಾಗ ಮಹಾದೇವಮ್ಮ ಕಿಟಕಿಯ ಬಳಿ ಕೂತು ಹೊರಗಿನ ತೊಗರಿ ಹೊಲ ನೋಡುತ್ತಿದ್ದಳು. ಹೂವು ಎಷ್ಟು ಹಳದಿ ಇದೆ ಎಂದು ಕೇಳಿದೆ. ಹೇಳಿದಳು.

ಡಿಸೆಂಬರ್ ೨೯, ಶನಿವಾರ

ಕಿಂಡಿಯಲ್ಲಿ ಕೊನೆಯ ದಿನ. ಸೋಮವಾರದಿಂದ ಕಾಟಾದ ಮೇಲೆ. ನರಸಪ್ಪ ಕೂತಿದ್ದ ಅದೇ ಕುರ್ಚಿ ಇನ್ನೂ ಇದೆಯಂತೆ, ಕಾಲೊಂದು ಅಲ್ಲಾಡುತ್ತದೆ. ಮೊದಲ ದಿನವೇ ಅದನ್ನು ಬಡಿಗನಿಂದ ಸರಿಮಾಡಿಸುವವನಿದ್ದೇನೆ. ಕಿಲ್ನ್ ಕಡೆಗೆ ಮುಖ ಹಾಕದೇ ಇರುವ ಪೈಕಿಯೂ ನಾನಲ್ಲ.

ಮೂರು ವಾರದಿಂದ ಬೆಂಕಿ ನೋಡುವುದು ಸೂರ್ಯಕಾಂತ, ಬರೆಯುವುದು ನಾನು. ಇವತ್ತೂ ಅವನು ಬಣ್ಣ ಹೇಳಿದ, ಲಾಗ್‌ಬುಕ್ಕಿನಲ್ಲಿ ಬರೆದು ಅವನಿಂದಲೇ ಸಹಿ ಹಾಕಿಸಿದೆ. ಪಾಳಿ ಮುಗಿಯಲು ಹತ್ತು ನಿಮಿಷ ಇರುವಾಗ ಅವನು ನೀಲಿ ಗಾಜನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಮುಂದೆ ಹಿಡಿದ. "ಕಾಕಾ, ಒಂದು ಸಲ ಎಡಗಣ್ಣಲೆ ನೋಡ್ರಲ್ಲ. ಅದು ಚೊಲೊ ಅದ."

ಕೈ ತಾನಾಗಿ ಮುಂದೆ ಹೋಯಿತು. ಇಷ್ಟು ವರ್ಷ ಮುಚ್ಚಿಕೊಂಡೇ ಇದ್ದ ಕಣ್ಣು. ಬೆಂಕಿ ಹೇಗಿರುತ್ತದೆಂದು ಅದಕ್ಕೆ ಗೊತ್ತೇ ಇಲ್ಲ. ಒಮ್ಮೆ ತೋರಿಸುವ ಆಸೆ ಬಹಳವಾಯಿತು. ಗಾಜು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ.

"ಬ್ಯಾಡೋ, ಸೂರ್ಯಾ," ಅಂದೆ. "ಈ ಕಣ್ಣು ಮನೀಗಂತ ಉಳದದ."

ಗಾಜನ್ನು ಅವನ ಜೇಬಿಗೆ ಹಾಕಿ ಮೆಟ್ಟಿಲು ಇಳಿದು ಬಂದೆ.